ಕ್ಯೂಜಿಐಎಸ್‌ನಲ್ಲಿ ಸುರಂಗದ ಗುರುತೆಲ್ಲ ಪ್ರಶ್ನೆ ಚಿಹ್ನೆ, ಪಿಡಿಎಫ್ ಮಾಡಲು ಹೋದರೆ ಕಂಪ್ಯೂಟರೇ ಢಮಾರ್

ಮುರಕಲ್ಲು · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು.

ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಸಾಫ್ಟ್‌ವೇರ್‌ನಲ್ಲಿ ವಿಟ್ಲದ ಆಸುಪಾಸಿನ ನಾಲ್ಕೈದು ಊರುಗಳ ಸುರಂಗಗಳ ನಕ್ಷೆ ಮಾಡುತ್ತಿದ್ದೇವೆ. ರೈಲಿನ ಸುರಂಗ ಅಲ್ಲ. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದು ನೀರು ತೆಗೆಯುತ್ತಾರಲ್ಲ, ಅದು. ನಾನು, ನನ್ನ ತಮ್ಮ, ಇಬ್ಬರು ಕಾಲೇಜು ಹುಡುಗರು ಮೊಬೈಲ್ ಜಿಪಿಎಸ್ ಹಿಡಿದುಕೊಂಡು ಎರಡು ಬೇಸಿಗೆ ಗುಡ್ಡ ಹತ್ತಿ ಇಳಿದಿದ್ದೇವೆ. 212 ಸುರಂಗ, 38 ಮದಕ (ಮಳೆನೀರು ನಿಲ್ಲಿಸುವ ಕೆರೆ), ದೈವಸ್ಥಾನಗಳು, ಮತ್ತೆ ಅಡಿಕೆ ತೋಟಕ್ಕೊಂದರಂತೆ 1,260 ಚುಕ್ಕಿ. ಮುಂದಿನ ಭಾನುವಾರ ಶಾಲೆಯ ಕಾರ್ಯಕ್ರಮದಲ್ಲಿ ಎ0 ಅಳತೆಯ ದೊಡ್ಡ ಕಾಗದದಲ್ಲಿ ತೂಗು ಹಾಕಬೇಕು.

ನನ್ನ ಲ್ಯಾಪ್‌ಟಾಪಿನ ಪರದೆ ಹೋಯಿತು. ಪ್ರಾಜೆಕ್ಟ್ ಫೈಲ್ ಮತ್ತು ಡೇಟಾ ಮೊದಲೇ ಪೆನ್‌ಡ್ರೈವ್‌ನಲ್ಲಿತ್ತು, ತಮ್ಮನ ಡೆಸ್ಕ್‌ಟಾಪಿಗೆ ಹಾಕಿದೆ. ವಿಂಡೋಸ್ 10, 8 ಜಿಬಿ ರ‍್ಯಾಮ್. ತೆರೆದು ನೋಡಿದರೆ ಸುರಂಗ, ಮದಕ ಎಲ್ಲ ಪ್ರಶ್ನೆ ಚಿಹ್ನೆ. ದೈವಸ್ಥಾನ ಇದ್ದಲ್ಲೆಲ್ಲ ದೊಡ್ಡದಾಗಿ ಇಂಗ್ಲಿಷಿನ ಎಚ್ ಅಕ್ಷರ. ಕೆಲವು ಊರಿನ ಹೆಸರು ಗಜಿಬಿಜಿ. ಅಡಿಕೆ ಮರದ ಗುರುತು ಒಂದು ಮಾತ್ರ ಸರಿಯಾಗಿ ಉಂಟು, ಆದರೆ ಅದರ ಬಣ್ಣ ಬದಲಾಗುವುದಿಲ್ಲ, ಅದೇ ಹಸಿರು.

ಇದಕ್ಕಿಂತ ದೊಡ್ಡದು, ಲೇಔಟ್‌ನಿಂದ ಪಿಡಿಎಫ್ ತೆಗೆಯಲು ಹೋದರೆ ಅರ್ಧ ದಾರಿಯಲ್ಲಿ ಸಾಫ್ಟ್‌ವೇರ್ ಮುಚ್ಚಿಕೊಳ್ಳುತ್ತದೆ. ಎರಡು ಸಲ ಇಡೀ ಕಂಪ್ಯೂಟರೇ ರೀಸ್ಟಾರ್ಟ್ ಆಗಿದೆ. ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ ತೆಗೆದು ನೋಡಿರಲಿಲ್ಲ, ಹಾಗಾಗಿ ಅಲ್ಲಿ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಏನು ಮಾಡಲಿ?

ಸುಮ್ನೆಓದುವವ · 9:15

ರೀಸ್ಟಾರ್ಟ್ ಮಾಡಿ ನೋಡಿದ್ರಾ?

ಮುರಕಲ್ಲು · 9:16

ಅದು ತಾನೇ ಮಾಡಿಕೊಳ್ಳುತ್ತಿದೆ ಮಾರಾಯ್ರೆ.

ಕೂಲಿಂಗ್‌ಫ್ಯಾನ್ · 9:31

ಇಡೀ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ ಅಂದರೆ ಸಾಫ್ಟ್‌ವೇರ್ ಕಡೆ ನೋಡಲೇಬೇಡಿ. ಒಂದು ಪ್ರೋಗ್ರಾಂ ಕೆಟ್ಟರೆ ಅದೊಂದು ಮುಚ್ಚಿಕೊಳ್ಳಬೇಕು. ನೀಲಿ ಪರದೆ ಬಂದರೆ ಡ್ರೈವರ್ ಅಥವಾ ರ‍್ಯಾಮ್. ಏನೂ ಹೇಳದೆ ಪಟ್ ಅಂತ ಆರಿ ಹತ್ತಿಕೊಂಡರೆ ಬಿಸಿ ಅಥವಾ ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟ್ ಕೊಡುವ ಡಬ್ಬಿ. ನಕ್ಷೆ ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಸೆಸರ್ ಪೂರ್ತಿ ದುಡಿಯುತ್ತದೆ, ಆಗಲೇ ಇವೆಲ್ಲ ಬಯಲಾಗೋದು.

ಪಕ್ಕದ ತಗಡು ಬಿಚ್ಚಿ. ಫ್ಯಾನಿನ ಮೇಲೆ ಧೂಳು ಕಂಬಳಿ ಹೊದ್ದ ಹಾಗೆ ಕೂತಿರುತ್ತೆ. ಬ್ರಷ್ ಹಾಕಿ ತೆಗೆಯಿರಿ, ಫ್ಯಾನ್ ತಿರುಗದ ಹಾಗೆ ಒಂದು ಬೆರಳು ಇಟ್ಟುಕೊಳ್ಳಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಹುಡುಕಿ ರಾತ್ರಿ ಓಡಲು ಬಿಡಿ. ರ‍್ಯಾಮ್ ಕೆಟ್ಟಿದ್ದರೆ ಬೆಳಿಗ್ಗೆ ಹೇಳುತ್ತೆ.

ಲೇಯರಣ್ಣ · 9:44

ಎಲ್ಲರೂ ಒಂದೇ ಔಷಧಿ ಕೊಡಬೇಡಿ. ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ. ಸಿಂಬಲ್ ಕೆಟ್ಟಿದ್ದು ಒಂದು, ಕ್ರ್ಯಾಶ್ ಇನ್ನೊಂದು. ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲನೆಯದು ಸುಲಭ. ಪ್ರಾಜೆಕ್ಟ್ ಫೈಲಿನ ಒಳಗೆ ನಿಮ್ಮ ಸುರಂಗದ ಚಿತ್ರ ಇರೋದಿಲ್ಲ. ಆ ಎಸ್‌ವಿಜಿ ಫೈಲ್ (ಗೆರೆಗಳಲ್ಲಿ ಬಿಡಿಸಿದ ಚಿತ್ರ) ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತೆ. ನೀವು ಮನೆ ಬದಲಾಯಿಸಿದಿರಿ, ಹಳೇ ವಿಳಾಸಕ್ಕೆ ಹೋದರೆ ಬೀಗ. ಕ್ಯೂಜಿಐಎಸ್‌ಗೆ ಎಸ್‌ವಿಜಿ ಸಿಗದಿದ್ದರೆ ಅಲ್ಲಿ ಪ್ರಶ್ನೆ ಚಿಹ್ನೆ ಇಡುತ್ತೆ, ಕೆಟ್ಟಿದೆ ಅಂತಲ್ಲ.

ಹಳೇ ಲ್ಯಾಪ್‌ಟಾಪಿನಿಂದ ಎಸ್‌ವಿಜಿ ಫೈಲುಗಳನ್ನು ತನ್ನಿ. ಒಂದು ಫೋಲ್ಡರಿಗೆ ಹಾಕಿ. ಸೆಟ್ಟಿಂಗ್ಸ್, ಆಪ್ಷನ್ಸ್, ಸಿಸ್ಟಮ್ ಒಳಗೆ ಎಸ್‌ವಿಜಿ ಪಾತ್ಸ್ ಅಂತ ಇದೆ, ಅಲ್ಲಿ ಆ ಫೋಲ್ಡರ್ ಸೇರಿಸಿ. ಆದರೂ ಪ್ರಶ್ನೆ ಚಿಹ್ನೆಯೇ ಕಂಡರೆ ಸಿಂಬಲ್ ತೆರೆದು ಫೈಲನ್ನು ಕೈಯಾರೆ ತೋರಿಸಿ. ಇನ್ನೂ ಒಳ್ಳೆಯದು, ಫೈಲ್ ಆರಿಸುವ ಬಟನ್ ಪಕ್ಕ ಸಣ್ಣ ಬಾಣ ಇದೆಯಲ್ಲ, ಅದರಲ್ಲಿ ಎಂಬೆಡ್ ಫೈಲ್ ಆರಿಸಿ. ಆಗ ಚಿತ್ರ ಪ್ರಾಜೆಕ್ಟ್ ಒಳಗೇ ಕೂರುತ್ತೆ, ಮುಂದೆ ಯಾವ ಕಂಪ್ಯೂಟರಿಗೆ ಹೋದರೂ ತೊಂದರೆ ಇಲ್ಲ.

ಸಿಂಬಲ್ ತುಂಬಾ ಇದ್ದರೆ ಇನ್ನೊಂದು ದಾರಿ. ಕ್ಯೂಜಿಝಡ್ ಅನ್ನೋ ಪ್ರಾಜೆಕ್ಟ್ ಫೈಲ್ ಬರೀ ಜಿಪ್ ಫೈಲ್. ಮೊದಲು ಕಾಪಿ ಮಾಡಿಟ್ಟುಕೊಂಡು, ಹೆಸರಿನ ಕೊನೆಗೆ ಜಿಪ್ ಅಂತ ಬದಲಿಸಿ ಬಿಚ್ಚಿ. ಒಳಗಿನ ಕ್ಯೂಜಿಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಹಳೇ ಡ್ರೈವಿನ ವಿಳಾಸ ಹುಡುಕಿ ಹೊಸದು ಹಾಕಿ. ಕಾಪಿ ಮಾಡದೆ ಕೈ ಹಾಕಿದರೆ ನನ್ನನ್ನು ಬೈಯಬೇಡಿ.

ಮುರಕಲ್ಲು · 9:52

ಪರದೆ ಹೋದ ಲ್ಯಾಪ್‌ಟಾಪಿನಿಂದ ತರುವುದು ಹೇಗೆ?

ಸುಮ್ನೆಓದುವವ · 9:53

ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿ.

ಮುರಕಲ್ಲು · 9:58

ಅದು ಹೊಳೆಯಲೇ ಇಲ್ಲ ನೋಡಿ! ಟಿವಿಯಲ್ಲಿ ಅಮ್ಮನ ಧಾರಾವಾಹಿ ನಡೀತಾ ಉಂಟು, ಮುಗಿಯಲಿ.

ಕೋಲಾರ44 · 10:05

ದೈವಸ್ಥಾನದ ಎಚ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಎಸ್‌ವಿಜಿ ಅಲ್ಲ, ಫಾಂಟ್ ಮಾರ್ಕರ್, ಅಂದರೆ ಫಾಂಟಿನ ಒಂದು ಅಕ್ಷರವನ್ನೇ ಗುರುತು ಮಾಡಿದ್ದು. ಯಾವುದೋ ಚಿತ್ರದ ಫಾಂಟ್ ಇಳಿಸಿಕೊಂಡಿರುತ್ತೀರಿ, ಅದರಲ್ಲಿ ಎಚ್ ಕೀ ಒತ್ತಿದರೆ ಗೋಪುರ ಬರುತ್ತಿತ್ತು. ತಮ್ಮನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಬೇರೆ ಫಾಂಟ್ ಬಂದು ಕೂತಿದೆ, ಅದಕ್ಕೆ ಎಚ್ ಅಂದರೆ ಎಚ್ಚೇ. ಫಾಂಟ್ ಫೈಲ್ ಹಾಕಿ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ.

ನಮ್ಮ ಟೀಮಿನಲ್ಲಿ ಒಬ್ಬರು ಬಾವಿಗೆಲ್ಲ ವಿಂಗ್‌ಡಿಂಗ್ಸ್ ಹಾಕಿ ಕಳಿಸಿದ್ದರು. ನಾನು ಲಿನಕ್ಸ್‌ನಲ್ಲಿ ತೆರೆದರೆ ತಾಲೂಕಿನ ತುಂಬಾ ಎಲ್, ಎಲ್, ಎಲ್. ಲೈಬ್ರರಿ ಇರಬೇಕು ಅಂದುಕೊಂಡು ಖುಷಿಪಟ್ಟೆ. ಕೋಲಾರದಲ್ಲಿ ಅಷ್ಟು ಬಾವಿಯಾದರೂ ಇದೆಯಲ್ಲ ಅಂತ ಆಮೇಲೆ ಸಮಾಧಾನ.

ಲೇಯರಣ್ಣ · 10:07

ನೀರು ಇದೆಯಾ ಅಂತ ಕೇಳಬೇಡಿ.

ಕೋಲಾರ44 · 10:08

ಬೇಡ ಗುರು ಆ ಮಾತು.

ಹಳೇಸರಪಳಿ · 10:26

ನಾನು ಸರ್ವೆ ಕೆಲಸ ಮಾಡಿ ನಿವೃತ್ತಿ ಆದವನು. ಒಂದು ಮಾತು ಕೇಳುತ್ತೇನೆ, ದೈವಸ್ಥಾನಕ್ಕೆ ಗೋಪುರದ ಗುರುತು ಯಾಕೆ? ದೈವಸ್ಥಾನ ಬೇರೆ, ದೇವಸ್ಥಾನ ಬೇರೆ. ಟೋಪೋಶೀಟಿನಲ್ಲಿ (ಸರ್ಕಾರದ ಸರ್ವೆ ನಕ್ಷೆ) ದೇವಸ್ಥಾನ, ಮಸೀದಿ, ಇಗರ್ಜಿಗೆ ಗುರುತು ಉಂಟು, ಭೂತದ ಗುಡಿಗೆ ಬೇರೆ ಗುರುತು ನಾನಂತೂ ಕಂಡಿಲ್ಲ. ನೀವೇ ಹೊಸತು ಮಾಡುವಾಗ ಸರಿಯಾಗಿ ಮಾಡಿ.

ನಮ್ಮ ಕಾಲದಲ್ಲಿ ಸಿಂಬಲ್ ಕ್ರ್ಯಾಶ್ ಆಗುತ್ತಿರಲಿಲ್ಲ. ಶಾಯಿ ಚೆಲ್ಲಿದರೆ ಬ್ಲೇಡಿನಲ್ಲಿ ಕೆರೆಯುವುದು, ಅಷ್ಟೇ. 33 ಅಡಿ ಸರಪಳಿ ಎಳೆದರೆ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಒಂದು ಗುಂಟೆ. ಲೆಕ್ಕ ತಪ್ಪುವುದೇ ಇಲ್ಲ.

ಮುರಕಲ್ಲು · 10:31

ಸಾರ್, ನಮ್ಮ ಕಡೆ ಗುಂಟೆ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ, ಎಲ್ಲ ಸೆಂಟ್ಸ್ ಲೆಕ್ಕ. ದೈವಸ್ಥಾನದ ವಿಷಯ ನೀವು ಹೇಳಿದ್ದು ಸರಿ. ಅಮ್ಮನೂ ಅದನ್ನೇ ಹೇಳಿ ಬೈದಿದ್ದರು.

ಹಳೇಸರಪಳಿ · 10:34

ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ. ಮದ್ರಾಸಿನವರು ಬಿಟ್ಟು ಹೋದದ್ದು ನಿಮಗೆ, ಮುಂಬೈ ಕಡೆಯವರು ಬಿಟ್ಟು ಹೋದದ್ದು ಇನ್ನೊಬ್ಬರಿಗೆ. ನಕ್ಷೆಯಲ್ಲಿ ಎರಡನ್ನೂ ಬರೆಯಿರಿ.

ಫಾಂಟ್‌ಅಕ್ಕ · 10:40

ಗುಂಟೆ ಜಗಳ ಆಮೇಲೆ. ಮುರಕಲ್ಲು ಅವರೇ, ಗಜಿಬಿಜಿ ಅಂದರೆ ಎಂಥ ಗಜಿಬಿಜಿ? ಸಾಲಾಗಿ ಪ್ರಶ್ನೆ ಚಿಹ್ನೆಗಳೋ, ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು ಬಾಲ ಬಂದ ಹಾಗೋ?

ಮುರಕಲ್ಲು · 10:43

ಎರಡೂ ಉಂಟು. ಪಂಚಾಯತಿನ ಹಳೇ ಪಟ್ಟಿಯಿಂದ ತೆಗೆದ ಹೆಸರುಗಳು ಕೊಂಬು ಬಾಲ. ಹುಡುಗರು ಎಕ್ಸೆಲ್‌ನಲ್ಲಿ ಹಾಕಿಕೊಟ್ಟದ್ದು ಬರೀ ಪ್ರಶ್ನೆ ಚಿಹ್ನೆ.

ಫಾಂಟ್‌ಅಕ್ಕ · 11:02

ಹಾಗಾದರೆ ಕೊಂಬು ಬಾಲದ್ದು ಬದುಕಿದೆ, ಪ್ರಶ್ನೆ ಚಿಹ್ನೆಯದ್ದು ಸತ್ತಿದೆ.

ಕೊಂಬು ಬಾಲದ್ದು ಹಳೇ ನುಡಿ ಥರದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಫಾಂಟ್ ಹಾಕಿದಾಗ ಮಾತ್ರ ಕನ್ನಡದ ಹಾಗೆ ಕಾಣುತ್ತೆ. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರುಗಳಿವೆ, ಆ ಕಾಲಮ್ ಒಂದನ್ನೇ ತೆಗೆದು ಅದರಲ್ಲಿ ಹಾಕಿ. ಆದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನು ಒಂದೊಂದೇ ಓದಿ ನೋಡಿ, ತಪ್ಪೋದು ಹೆಚ್ಚಾಗಿ ಅಲ್ಲೇ.

ಹುಡುಗರು ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಅಂತ ಸೇವ್ ಮಾಡಿದ್ದಾರೆ. ಹಾಗೆ ಮಾಡಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ನಿಜವಾದ ಪ್ರಶ್ನೆ ಚಿಹ್ನೆಯೇ ಬರೆದುಬಿಡುತ್ತೆ. ಅದನ್ನು ಯಾರೂ ವಾಪಸ್ ತರೋಕಾಗಲ್ಲ. ಮೂಲ ಎಕ್ಸೆಲ್ ಫೈಲ್ ಕೇಳಿ, ಸೇವ್ ಆಸ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಬೇರೆಯೇ ಇರುತ್ತೆ, ಅದರಲ್ಲಿ ತೆಗೆಯಿರಿ.

ಇನ್ನೊಂದು, ಡೇಟಾ ಶೇಪ್‌ಫೈಲ್ ಅನ್ನೋ ಹಳೇ ಬಗೆಯ ನಕ್ಷೆ ಫೈಲ್‌ನಲ್ಲಿ ಇಟ್ಟಿದ್ದೀರಾ? ಕಾಲಮ್ಮಿನ ಹೆಸರಿಗೆ ಅದು ಕೊಡೋದು 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ ಮೂರು ಸಂಕೇತಕ್ಕೆ ಮುಗೀತು. ‘ಕ್ಷ’ ಬರೆಯೋಕೇ ಮೂರು ಬೇಕು. ಜಿಯೋಪ್ಯಾಕೇಜ್ ಅನ್ನೋ ಹೊಸ ಬಗೆಯ ಫೈಲಿಗೆ ಹೋಗಿಬಿಡಿ.

ಕೋಲಾರ44 · 11:09

ಜಿಯೋಪ್ಯಾಕೇಜ್ ಒಳ್ಳೆಯದೇ. ಆದರೆ ಕ್ಯೂಜಿಐಎಸ್ ತೆರೆದಿಟ್ಟುಕೊಂಡೇ ಪೆನ್‌ಡ್ರೈವಿಗೆ ಕಾಪಿ ಮಾಡಬೇಡಿ. ಪಕ್ಕದಲ್ಲಿ ಡಬ್ಲ್ಯೂಎಎಲ್ ಅಂತ ಕೊನೆಯಾಗುವ ಮರಿ ಫೈಲ್ ಇರುತ್ತೆ, ಹೊಸ ಬದಲಾವಣೆ ಅದರಲ್ಲೇ ಇದ್ದರೆ ಅದನ್ನು ಬಿಟ್ಟು ತಂದ ದಿನ ಅಳಬೇಕಾಗುತ್ತೆ. ನಾನು ಅತ್ತಿದ್ದೇನೆ.

ಸ್ಟುಟ್‌ಗಾರ್ಟ್‌ಕನ್ನಡಿಗ · ಸೋಮವಾರ ಬೆಳಗ್ಗೆ 1:20

ಇಲ್ಲಿ ಇನ್ನೂ ಭಾನುವಾರವೇ, ಆರಾಮಾಗಿ ಬರೆಯುತ್ತೇನೆ.

ಕ್ರ್ಯಾಶ್ ವಿಷಯಕ್ಕೆ ಬರೋಣ. ನಾನಾದರೆ ಹೀಗೆ ಹೋಗ್ತೀನಿ. ಸೆಟ್ಟಿಂಗ್ಸ್‌ನಲ್ಲಿ ಯೂಸರ್ ಪ್ರೊಫೈಲ್ಸ್ ಒಳಗೆ ಹೊಸ ಪ್ರೊಫೈಲ್ ಮಾಡಿ. ಅದು ಹೊಸದಾಗಿ ಹಾಕಿದ ಸಾಫ್ಟ್‌ವೇರ್ ಇದ್ದ ಹಾಗೆ, ಪ್ಲಗಿನ್ ಇಲ್ಲ, ಹಳೇ ಸೆಟ್ಟಿಂಗ್ ಇಲ್ಲ. ಅದರಲ್ಲಿ ಪಿಡಿಎಫ್ ಬಂದರೆ ತಪ್ಪು ಯಾವುದೋ ಪ್ಲಗಿನ್ನಿನದು ಅಥವಾ ಹಳೇ ಸೆಟ್ಟಿಂಗಿನದು. ಬರದಿದ್ದರೆ ತಪ್ಪು ಪ್ರಾಜೆಕ್ಟಿನ ಒಳಗೇ ಇದೆ. ಆಗ ಲೇಯರ್‌ಗಳಲ್ಲಿ (ನಕ್ಷೆಯ ಪದರಗಳು) ಅರ್ಧ ಆಫ್ ಮಾಡಿ ನೋಡಿ, ಮತ್ತೆ ಉಳಿದದ್ದರಲ್ಲಿ ಅರ್ಧ. ಹತ್ತು ಲೇಯರ್ ಇದ್ದರೂ ನಾಲ್ಕು ಸಲಕ್ಕೆ ಕಳ್ಳ ಸಿಕ್ಕಿಬೀಳ್ತಾನೆ.

ರೆಸಲ್ಯೂಷನ್ ಎಷ್ಟು ಕೊಟ್ಟಿದ್ದೀರಿ?

ಮುರಕಲ್ಲು · ಸೋಮವಾರ ಬೆಳಗ್ಗೆ 7:05

600. ಪ್ರಿಂಟ್ ಅಂಗಡಿಯವರು ಜಾಸ್ತಿ ಇದ್ದಷ್ಟು ಒಳ್ಳೆಯದು ಅಂದರು.

ಸ್ಟುಟ್‌ಗಾರ್ಟ್‌ಕನ್ನಡಿಗ · 11:40

ಅಯ್ಯಪ್ಪ. ಎ0 ಅಂದರೆ 841 ಗುಣಿಸು 1189 ಮಿಲಿಮೀಟರ್. 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸುಮಾರು 56 ಕೋಟಿ ಪಿಕ್ಸೆಲ್. ಒಂದಕ್ಕೆ 4 ಬೈಟ್, ಬರೀ ಒಂದು ಚಿತ್ರಕ್ಕೆ 2.2 ಜಿಬಿ. ಅದೇ 150ಕ್ಕೆ 140 ಎಂಬಿ ಸಾಕು. ಗೋಡೆ ಮೇಲೆ ತೂಗು ಹಾಕಿ ನಾಲ್ಕಡಿ ದೂರದಿಂದ ನೋಡೋ ನಕ್ಷೆಗೆ 150 ಧಾರಾಳ. ಲೇಯರಿಗೆ ಪಾರದರ್ಶಕತೆ, ಬ್ಲೆಂಡಿಂಗ್ ಹಾಕಿದ್ದರೆ ಪಿಡಿಎಫ್‌ನಲ್ಲೂ ಗೆರೆಗಳು ಚಿತ್ರವಾಗಿಬಿಡುತ್ತವೆ, ಆಗ ಈ ಲೆಕ್ಕ ಪೂರ್ತಿ ನಿಮ್ಮ ತಲೆ ಮೇಲೆ.

ಕೂಲಿಂಗ್‌ಫ್ಯಾನ್ · 11:52

ಸರಿ, ಆದರೆ ಮೆಮೊರಿ ತುಂಬಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಲ್ಲ, ನಿಧಾನ ಆಗುತ್ತೆ. ನಾನು ಹೇಳಿದ ಎಸ್‌ಎಂಪಿಎಸ್ ನೋಡಿದಿರಾ?

ಮುರಕಲ್ಲು · ಸೋಮವಾರ ರಾತ್ರಿ 8:30

ವರದಿ. ತಗಡು ಬಿಚ್ಚಿದೆವು, ಧೂಳಿನ ಜೊತೆ ಒಂದು ಹಲ್ಲಿಮೊಟ್ಟೆ. ಮೆಮೊರಿ ಪರೀಕ್ಷೆ ಪಾಸ್. ಟಿವಿ ಉಪಾಯ ಕೆಲಸ ಮಾಡಿತು, ಎಸ್‌ವಿಜಿಗಳು ಸಿಕ್ಕಿದವು. ಸುರಂಗ, ಮದಕ ವಾಪಸ್! ಎಂಬೆಡ್ ಮಾಡಿದೆ. ಲೇಯರಣ್ಣನಿಗೆ ಒಂದು ಗೋಳಿಬಜೆ ಪ್ಲೇಟ್ ಸಾಲ. ದೈವಸ್ಥಾನಕ್ಕೆ ಫಾಂಟ್ ಬಿಟ್ಟು ಕಟ್ಟೆಯ ಮೇಲೆ ದೀಪ ಇರುವ ಹಾಗೆ ನಾನೇ ಬಿಡಿಸಿದೆ.

ಹೊಸ ಪ್ರೊಫೈಲ್, 150 ಡಿಪಿಐ, ಎರಡೂ ಮಾಡಿದೆ. ಪಿಡಿಎಫ್ ಮಾತ್ರ ಈಗಲೂ ಇಲ್ಲ. ಸ್ವಲ್ಪ ಹೆಚ್ಚು ಹೊತ್ತು ಓಡಿ ಮುಚ್ಚಿಕೊಳ್ಳುತ್ತದೆ.

ಮತ್ತೆ ನಾಚಿಕೆಯ ವಿಷಯ. ತಾನಾಗಿ ರೀಸ್ಟಾರ್ಟ್ ಆಯಿತು ಅಂದಿದ್ದೆನಲ್ಲ. ಎರಡು ಸಲವೂ ಪರದೆ ಸ್ತಬ್ಧ ಆಗಿತ್ತಂತೆ, ತಮ್ಮ ಬಟನ್ ಒತ್ತಿದ್ದಂತೆ. ಇವತ್ತು ಬಾಯಿ ಬಿಟ್ಟ.

ಕೂಲಿಂಗ್‌ಫ್ಯಾನ್ · 8:33

ಅರ್ಧ ಗಂಟೆ ಟೈಪ್ ಮಾಡಿದ್ದೆ ನಾನು.

ಸುಮ್ನೆಓದುವವ · 8:34

ಹಲ್ಲಿಮೊಟ್ಟೆ ಸಿಕ್ಕಿತಲ್ಲ ಬಿಡಿ.

ಲೇಯರಣ್ಣ · 8:50

ಕೆಟ್ಟ ಜಿಯಾಮೆಟ್ರಿ, ಅಂದರೆ ತಪ್ಪಾಗಿ ಎಳೆದ ಆಕಾರ, ಇರಬಹುದು. ಪ್ರೊಸೆಸಿಂಗ್ ಟೂಲ್‌ಬಾಕ್ಸಿನಲ್ಲಿ ಚೆಕ್ ವ್ಯಾಲಿಡಿಟಿ ಓಡಿಸಿ, ತಪ್ಪಿದ್ದರೆ ಫಿಕ್ಸ್ ಜಿಯಾಮೆಟ್ರೀಸ್. ಹಿನ್ನೆಲೆಗೆ ಉಪಗ್ರಹ ಚಿತ್ರ ಹಾಕಿದ್ದರೆ ಅದನ್ನೂ ತೆಗೆದು ನೋಡಿ. ಎ0ಗೆ ಸಾವಿರಾರು ತುಂಡು ಚಿತ್ರ ಸರ್ವರ್‌ನಿಂದ ಇಳಿಯಬೇಕಾಗುತ್ತೆ.

ಫಾಂಟ್‌ಅಕ್ಕ · 9:04

ಒಂದು ನಿಮಿಷ. ಮೊದಲ ಪೋಸ್ಟ್ ಮತ್ತೆ ಓದಿದೆ. ಬೇರೆಲ್ಲ ಸಿಂಬಲ್ ಮಾಯ ಆದಾಗ ಅಡಿಕೆ ಮರ ಮಾತ್ರ ಉಳಿದದ್ದು ಯಾಕೆ? ಬಣ್ಣ ಬದಲಾಗೋದಿಲ್ಲ ಯಾಕೆ?

ಕ್ಯೂಜಿಐಎಸ್‌ನಲ್ಲಿ ಬಣ್ಣ ಬದಲಾಗಬೇಕಾದರೆ ಎಸ್‌ವಿಜಿ ಒಳಗೆ ಅದಕ್ಕೆ ಜಾಗ ಬಿಟ್ಟಿರಬೇಕು, ಫಿಲ್ ಅನ್ನೋ ಪ್ಯಾರಾಮೀಟರ್. ಇಲ್ಲದಿದ್ದರೆ ಬಣ್ಣದ ಡಬ್ಬಿಯೇ ಬೂದು. ಆ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು ನೋಡಿ ಹೇಳಿ. ಆಮೇಲೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ.

ಮುರಕಲ್ಲು · 9:19

ಅದು ಡೇಟಾದ ಫೋಲ್ಡರಿನಲ್ಲೇ ಉಂಟು, ಹಾಗಾಗಿ ಪೆನ್‌ಡ್ರೈವಿನ ಜೊತೆಗೇ ಬಂದಿದೆ. 6.1 ಎಂಬಿ. ನೋಟ್‌ಪ್ಯಾಡ್ ತೆರೆಯಲೇ ಹತ್ತು ಸೆಕೆಂಡು ತಗೊಂಡಿತು. ಮೊದಲ ಸಾಲುಗಳಲ್ಲಿ ಇಮೇಜ್, ಬೇಸ್64 ಅಂತ ಉಂಟು. ಆಮೇಲೆ ಎಷ್ಟು ಕೆಳಗೆ ಹೋದರೂ ಅರ್ಥ ಇಲ್ಲದ ಅಕ್ಷರ.

ಫಾಂಟ್‌ಅಕ್ಕ · 9:22

ಸಿಕ್ಕಿದ ಕಳ್ಳ. ಅದು ಎಸ್‌ವಿಜಿಯ ಅಂಗಿ ತೊಟ್ಟ ಫೋಟೋ. ಸುರಂಗದ ಎಸ್‌ವಿಜಿ ಎಷ್ಟಿದೆ?

ಮುರಕಲ್ಲು · 9:23

2 ಕೆಬಿ.

ಸ್ಟುಟ್‌ಗಾರ್ಟ್‌ಕನ್ನಡಿಗ · 9:41

ವಾ ಅಕ್ಕ. ಪರದೆಯ ಮೇಲೆ ನೋಡುವಾಗ ಕ್ಯೂಜಿಐಎಸ್ ಒಂದು ಸಲ ಸಣ್ಣದಾಗಿ ಬಿಡಿಸಿಟ್ಟುಕೊಂಡು ಅದನ್ನೇ ಎಲ್ಲ ಕಡೆ ಅಂಟಿಸುತ್ತೆ, ಹಾಗಾಗಿ ಗೊತ್ತಾಗಿಲ್ಲ. ಪಿಡಿಎಫ್‌ಗೆ ಹೋದಾಗ ಒಂದೊಂದು ಚುಕ್ಕಿಗೂ ಇಡೀ ಫೋಟೋ ಹೊತ್ತು ತರೋ ಹಾಗಿದೆ. ಬರೀ ಫೈಲಿನ ಲೆಕ್ಕಕ್ಕೇ 6.1 ಗುಣಿಸು 1,260, ಏಳೂವರೆ ಜಿಬಿ ಮೇಲೆ. ನಿಮ್ಮ ರ‍್ಯಾಮ್ 8. ಡಿಪಿಐ ಇಳಿಸಿದರೂ ಬಗ್ಗದೆ ಇದ್ದದ್ದು ಇದಕ್ಕೇ ಇರಬೇಕು. ಆ ಲೇಯರ್ ಒಂದನ್ನು ಆಫ್ ಮಾಡಿ ಎಕ್ಸ್‌ಪೋರ್ಟ್ ಮಾಡಿ ನೋಡಿ, ಗೊತ್ತಾಗುತ್ತೆ.

ಕೂಲಿಂಗ್‌ಫ್ಯಾನ್ · 9:44

ಸಿಂಬಲ್ಲಿಗೂ ಕ್ರ್ಯಾಶಿಗೂ ಸಂಬಂಧವೇ ಇಲ್ಲ ಅಂದವರು ಯಾರಪ್ಪಾ?

ಲೇಯರಣ್ಣ · 9:46

ಪ್ರಶ್ನೆ ಚಿಹ್ನೆಗೂ ಕ್ರ್ಯಾಶಿಗೂ ಇಲ್ಲ ಅಂದೆ. ಅಡಿಕೆ ಬಗ್ಗೆ ನಾನು ಏನೂ ಹೇಳಿಲ್ಲ.

ಕೂಲಿಂಗ್‌ಫ್ಯಾನ್ · 9:46

ಮೇಲೆ ಹೋಗಿ ಓದಿ.

ಲೇಯರಣ್ಣ · 9:51

ಸರಿ, ತಪ್ಪಾಯ್ತು. ನೀವೂ ಎಸ್‌ಎಂಪಿಎಸ್ ವಾಪಸ್ ತಗೊಳ್ಳಿ.

ಮುರಕಲ್ಲು · 10:02

ಅಡಿಕೆ ಲೇಯರ್ ಆಫ್ ಮಾಡಿದೆ. 40 ಸೆಕೆಂಡಿನಲ್ಲಿ ಪಿಡಿಎಫ್ ಬಂತು!!! ಆ ಫೋಟೋ ನಮ್ಮದೇ ಹಿತ್ತಿಲಿನ ಮರ. ಆನ್‌ಲೈನ್‌ನಲ್ಲಿ ಎಲ್ಲೋ ಜೆಪಿಜಿಯನ್ನು ಎಸ್‌ವಿಜಿ ಮಾಡಿಸಿದ್ದೆ. ಈಗ ಮರ ಹೇಗೆ ಬಿಡಿಸಲಿ? ಗೆರೆ ಎಳೆಯುವುದರಲ್ಲಿ ನಾನು ಸೊನ್ನೆ.

ಫಾಂಟ್‌ಅಕ್ಕ · 10:10

ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ನಲ್ಲಿ ಒಂದು ಕಡ್ಡಿ, ಮೇಲೆ ಐದು ಗರಿ, ಕೆಳಗೆ ಒಂದು ಗೊನೆ. ಸಾಕು. ಎರಡು ಮಿಲಿಮೀಟರಿನ ಗುರುತಿಗೆ ತೊಗಟೆಯ ಉಂಗುರ ಎಣಿಸೋರು ಯಾರು? ಫೋಟೋವನ್ನು ತಾನೇ ಗೆರೆ ಮಾಡುವ ಟ್ರೇಸ್ ಬಿಟ್‌ಮ್ಯಾಪ್ ಮಾಡೋಕೆ ಹೋಗಬೇಡಿ, ಫೋಟೋಗೆ ಅದು ಸಾವಿರಾರು ಗಂಟು ಹಾಕಿ ಕೊಡುತ್ತೆ, ಮತ್ತೆ ಅದೇ ಗೋಳು.

ಪಿಡಿಎಫ್ ತೆಗೆಯುವಾಗ ಟೆಕ್ಸ್ಟನ್ನು ಪಾತ್ ಆಗಿ, ಅಂದರೆ ಅಕ್ಷರವನ್ನು ಗೆರೆಯ ಚಿತ್ರವಾಗಿ, ಎಕ್ಸ್‌ಪೋರ್ಟ್ ಮಾಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಒತ್ತಕ್ಷರ ಚದುರಿ ಹೋಗೋದು ತಪ್ಪುತ್ತೆ.

ಹಳೇಸರಪಳಿ · ಮಂಗಳವಾರ ಬೆಳಗ್ಗೆ 6:10

ಸುರಂಗದ ಗುರುತು ಯಾವ ಕಡೆ ಮುಖ ಮಾಡಿದೆ? ಎಲ್ಲ ಒಂದೇ ದಿಕ್ಕಿಗೆ ನೋಡಿದರೆ ಅದು ನಕ್ಷೆ ಅಲ್ಲ. ನೀರು ಬರುವ ಬಾಯಿ ಯಾವ ಕಡೆ ಅನ್ನುವುದೇ ಮುಖ್ಯ.

ಮುರಕಲ್ಲು · 7:20

ಅದು ಬರೆದಿಟ್ಟಿದ್ದೇವೆ ಸಾರ್. ಒಳಗೆ ಜಿಪಿಎಸ್ ಸಿಗುವುದಿಲ್ಲ, ಬಾಯಿಯ ಹತ್ತಿರ ನಿಂತು ಮೊಬೈಲ್ ದಿಕ್ಸೂಚಿಯಲ್ಲಿ ನೋಡಿದ್ದು. ಆ ಕಾಲಮ್ಮನ್ನೇ ಸಿಂಬಲ್ಲಿನ ರೊಟೇಷನ್‌ಗೆ ಕೊಟ್ಟಿದ್ದೇನೆ.

ಹಳೇಸರಪಳಿ · 7:25

ಭೇಷ್.

ಮುರಕಲ್ಲು · ಗುರುವಾರ ರಾತ್ರಿ 9:48

ಪ್ರಿಂಟ್ ಆಯಿತು. ಅಡಿಕೆ ಮರ ಕೊಡೆಯ ಹಾಗೆ ಬಂದಿದೆ ಅಂತ ತಮ್ಮ ನಗುತ್ತಿದ್ದಾನೆ, ಬಟನ್ ಒತ್ತಿದವನಿಗೆ ಮಾತಾಡುವ ಹಕ್ಕಿಲ್ಲ ಅಂದೆ. ಪಿಡಿಎಫ್ ಬರೀ 9 ಎಂಬಿ. ಹೆಸರುಗಳಲ್ಲಿ ಒಂದು ‘ರ್ಕ’ ತಪ್ಪಿತ್ತು, ಅಕ್ಕ ಹೇಳಿದಲ್ಲೇ. ಸುರಂಗ, ಮದಕ, ದೈವದ ಕಟ್ಟೆ ಮೂರೂ ಎಸ್‌ವಿಜಿ ಇಲ್ಲಿ ಹಾಕಿದ್ದೇನೆ, ಬೇಕಾದವರು ಬಳಸಿ.

ಕೋಲಾರ44 · 10:01

ನಮ್ಮ ಕಲ್ಯಾಣಿಗಳಿಗೆ ಒಂದು ಬಿಡಿಸಿಕೊಡಿ ಗುರು. ಕೊಡೆ ಥರ ಬಂದರೂ ಪರವಾಗಿಲ್ಲ.

ಹೊಸಬ2 · 10:15

ನನಗೂ ಒಂದು ಸಮಸ್ಯೆ. ಸಿಂಬಲ್ ಎಲ್ಲ ಸರಿ ಇದೆ. ಆದರೆ ನಮ್ಮ ಹಾಸನದ ಕೆರೆಗಳು ಆಫ್ರಿಕಾ ಪಕ್ಕದ ಸಮುದ್ರದಲ್ಲಿ ಬರ್ತಿವೆ.

ಲೇಯರಣ್ಣ · 10:17

ಡಿಗ್ರಿಯಲ್ಲಿರೋ ಡೇಟಾಗೆ ಮೀಟರಿನ ಸಿಆರ್‌ಎಸ್ (ಜಾಗ ಗುರುತಿಸುವ ಅಳತೆ ಪದ್ಧತಿ) ಕೊಟ್ಟಿರುತ್ತೀರಿ. ಹೊಸ ಚರ್ಚೆ ಶುರು ಮಾಡಿ, ಅಲ್ಲಿಗೇ ಬರ್ತೀನಿ.

ಸುಮ್ನೆಓದುವವ · 10:18

ರೀಸ್ಟಾರ್ಟ್ ಮಾಡಿ ನೋಡಿದ್ರಾ?